ಪಕ್ಕದ ಸೀಟಿಗೆ ವಿಮೆ ಇರಲಿಲ್ಲ

“ಗಾಡಿಗೆ ಇನ್ಶೂರನ್ಸ್ ಐತ್ರಿ ಮೇಡಂ. ಅದೊಂದ ಧೈರ್ಯ ನಮಗ.”

ಸವದತ್ತಿಯ ನನ್ನ ಕಚೇರಿಗೆ ಬಂದ ಆ ಮನುಷ್ಯ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದ ಮಾತಿದು. ಯರಗಟ್ಟಿಯಲ್ಲಿ ಸುಟ್ಟುಹೋದ ಪಂಪಿನ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವರದು. ಹೆಂಡತಿ ಸಿರಸಂಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅತಿಥಿ ಶಿಕ್ಷಕಿ. ಬೆಳಗಿನ ಬಸ್ಸು ಆ ಊರು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಹಾಗಾಗಿ ಅದೇ ಶಾಲೆಯ ಗಣಿತದ ಟೀಚರ್, ಯರಗಟ್ಟಿಯವರೇ, ತಮ್ಮ ಸಣ್ಣ ಕಾರಿನಲ್ಲಿ ಆಕೆಯನ್ನು ಕೂಡಿಸಿಕೊಂಡು ಹೋಗುತ್ತಿದ್ದರು. ಒಂದು ದಿನ ತಿರುವಿನಲ್ಲಿ ನಾಯಿ ಅಡ್ಡ ಬಂತು. ಟೀಚರ್ ಸ್ಟೇರಿಂಗ್ ಎಳೆದರು. ಕಾರು ರಸ್ತೆ ಬಿಟ್ಟು ಇಳಿದು ಹುಣಸೆ ಮರಕ್ಕೆ ಬಡಿಯಿತು. ಗಾಡಿಯ ಎಡಭಾಗವೇ ಪೂರಾ ಒಳಗೆ ಹೋಗಿತ್ತು. ಓಡಿಸುತ್ತಿದ್ದ ಟೀಚರಿಗೆ ಕೈ ಮುರಿದಿತ್ತು. ಎಡಕ್ಕೆ ಕುಳಿತಿದ್ದ ಅತಿಥಿ ಶಿಕ್ಷಕಿಗೆ ಬೆನ್ನುಹುರಿಗೆ ಏಟು.

“ಸ್ವಂಟದ ಕೆಳಗ ಏನೂ ಗೊತ್ತಾಗೂದಿಲ್ರಿ ಆಕಿಗಿ,” ಎಂದರು ಗಂಡ. “ಬೆಳಗಾವಿ ದವಾಖಾನ್ಯಾಗ ಇನ್ನ ಮನಿಗೆ ಕರ್ಕೊಂಡ ಹೋಗ್ರಿ ಅಂದ್ರು. ಅಂದ್ರ ಆರಾಮ ಆಗಿ ಅಲ್ಲ. ಮಾಡೂದು ಏನೂ ಉಳದಿಲ್ಲ ಅಂತ.”

ಪಾಲಿಸಿಯ ಪ್ರತಿ ಅವರ ಫೋನಿನಲ್ಲಿತ್ತು. ಕಾರಿನ ಟೀಚರೇ ಕಳಿಸಿದ್ದರು. ಇಂಥ ಕೆಲಸದಲ್ಲಿ ನಾನು ಮೊದಲು ನೋಡುವುದು ದಿನಾಂಕ. ಅಪಘಾತದ ದಿನ ಪಾಲಿಸಿ ಚಾಲ್ತಿಯಲ್ಲಿತ್ತು. ಗಾಡಿಯ ನಂಬರು ಸರಿ ಇತ್ತು, ಮಾಲೀಕರ ಹೆಸರು ಸರಿ ಇತ್ತು, ಚಾಲನಾ ಪರವಾನಗಿಯೂ ಸರಿ ಇತ್ತು. ಆಮೇಲೆ ತಲೆಬರಹ ಓದಿದೆ. ‘ಲಯಬಿಲಿಟಿ ಓನ್ಲಿ’ ಎಂದಿತ್ತು. ಜನ ‘ಥರ್ಡ್ ಪಾರ್ಟಿ’ ಎಂದು ಕರೆಯುವ ಪಾಲಿಸಿ ಅದು.

ನಾನು ಫೋನನ್ನು ಮೇಜಿನ ಮೇಲಿಟ್ಟೆ. ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ಮೋಟರು ಬಿಚ್ಚಿ ನೋಡಿದ ಮೇಲೆ ರೈತರು ತಮ್ಮ ಮುಖವನ್ನು ಹೀಗೇ ನೋಡುತ್ತಾರೆ ಎಂದು ಅವರು ಒಮ್ಮೆ ಆಮೇಲೆ ನನಗೆ ಹೇಳಿದ್ದುಂಟು.

ಹೇಳಲೇಬೇಕಿತ್ತು, ಹೇಳಿದೆ. ರಸ್ತೆಗಿಳಿಯುವ ಪ್ರತಿ ಗಾಡಿಗೂ ಕಾನೂನು ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಪೊಲೀಸರು ನಿಲ್ಲಿಸಿ ಕೇಳುವುದೂ ಅದನ್ನೇ. ಆ ಗಾಡಿಯಿಂದ ಹೊರಗಿನವರಿಗೆ, ಅಂದರೆ ರಸ್ತೆಯಲ್ಲಿ ನಡೆಯುವವರಿಗೆ, ಎದುರಿನ ಬೈಕಿನವರಿಗೆ, ಇನ್ನೊಂದು ಗಾಡಿಯಲ್ಲಿದ್ದವರಿಗೆ ಪೆಟ್ಟಾದರೆ ಕಂಪನಿ ಪರಿಹಾರ ಕೊಡುತ್ತದೆ. ಖಾಸಗಿ ಕಾರಿನ ಒಳಗೆ ಸುಮ್ಮನೆ ಜೊತೆಗೆ ಕುಳಿತು ಹೋಗುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೂ ರಕ್ಷಣೆ ಬೇಕಾದರೆ ‘ಫುಲ್ ಇನ್ಶೂರನ್ಸ್’ ಎಂದು ಕರೆಯುವ ಪ್ಯಾಕೇಜ್ ಪಾಲಿಸಿ ಇರಬೇಕು. ಅದರಲ್ಲಿ ಕಾರು ಜಖಂ ಆದರೆ, ಕಳುವಾದರೆ, ಸುಟ್ಟರೆ ಸಿಗುತ್ತದೆ, ಒಳಗೆ ಕುಳಿತವರ ಹೊಣೆಯನ್ನೂ ಕಂಪನಿ ಹೊರುತ್ತದೆ. ಇದೂ ಬೇಡವೆಂದರೆ ಒಂದಿಷ್ಟು ಹೆಚ್ಚು ಪ್ರೀಮಿಯಂ ಕಟ್ಟಿ, ಪ್ರಯಾಣಿಕರಿಗೆಂದು ವೈಯಕ್ತಿಕ ಅಪಘಾತ ವಿಮೆಯನ್ನಾದರೂ ಸೇರಿಸಿಕೊಳ್ಳಬಹುದಿತ್ತು. ನಾನು ಆ ಸಾಲು ಹುಡುಕಿದೆ. ಅಲ್ಲಿ ಸೊನ್ನೆ ಇತ್ತು. ಮಾಲೀಕರೇ ಓಡಿಸುವಾಗ ಅವರೊಬ್ಬರಿಗೆ ಸಿಗುವ ಅಪಘಾತ ವಿಮೆ ಇತ್ತು. ಅದು ಸಾವಿಗೆ, ಇಲ್ಲವೇ ಕೈಕಾಲು ಕಳೆದುಕೊಂಡರೆ. ಮುರಿದು ಕೂಡಿದ ಕೈಗಲ್ಲ.

ಅವರು ಬೆರಳು ಮಡಚಿ ಎಣಿಸಿದರು.

“ಟೀಚರ್ ಒಬ್ರು. ಕಂಪನಿ ಎರಡು. ಹಂಗಾದ್ರ ನಮ್ಮಾಕಿ ಮೂರನೇದಾಕಿ ಅಲ್ಲೇನ್ರಿ? ಥರ್ಡ್ ಪಾರ್ಟಿ ಅಂದ್ರ ಆಕಿನ ಆತಲ್ಲ?”

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಮೇಲಿನ ನ್ಯಾಯಾಲಯಗಳು ಈ ಪ್ರಶ್ನೆಗೆ ಎಂದೋ ಬೇರೆ ಉತ್ತರ ಕೊಟ್ಟಾಗಿತ್ತು.

“ಪ್ರಯತ್ನ ಮಾಡೂಣು. ಆದ್ರ ಆಸೆ ಇಟ್ಕೋಬ್ಯಾಡ್ರಿ,” ಎಂದೆ. ಎರಡನೆಯ ಮಾತು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಮೊದಲು ಸ್ಥಳಕ್ಕೆ ಹೋದೆ. ಬೇರೊಂದು ವಾಹನದ ತಪ್ಪು ಎಳ್ಳಷ್ಟಾದರೂ ಇದ್ದರೆ ಆ ವಾಹನದ ಥರ್ಡ್ ಪಾರ್ಟಿ ವಿಮೆ ಇವರಿಗೆ ಸಿಗುತ್ತದೆ. ಏಕೆಂದರೆ ಆ ಗಾಡಿಯ ಪಾಲಿಗೆ ಈಕೆ ಹೊರಗಿನವಳು. ಕಬ್ಬು ಸಾಗಿಸುವ ಕಾಲ. ದೀಪವಿಲ್ಲದ ಟ್ರೇಲರ್, ರಸ್ತೆಗೆ ಚೆಲ್ಲಿದ ಕಬ್ಬು, ಅಡ್ಡ ನುಗ್ಗಿದ ಬೈಕು, ಇಂಥದ್ದೇನಾದರೂ ಸಿಕ್ಕೀತೆಂದು ಪೊಲೀಸರ ಪಂಚನಾಮೆಯ ನಕ್ಷೆ ಹಿಡಿದುಕೊಂಡು ತಿರುವಿನ ಎರಡೂ ಕಡೆ ಅಡ್ಡಾಡಿದೆ. ಮರದ ತೊಗಟೆ ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ಬುಡದಲ್ಲಿ ಗಾಜಿನ ಚೂರುಗಳು ಹಾಗೇ ಬಿದ್ದಿದ್ದವು. ತಿರುವಿನ ಆಚೆ ಚಹಾದಂಗಡಿ. ಅದರ ಮುದುಕ ಎಲ್ಲವನ್ನೂ ಕಣ್ಣಾರೆ ಕಂಡಿದ್ದ.

“ಹಿಂದ ಮುಂದ ಬ್ಯಾರೆ ಗಾಡಿ ಇತ್ತೇನಜ್ಜಾರ?” ಎಂದು ಕೇಳಿದೆ.

“ಯಾವ್ದೂ ಇರಲಿಲ್ಲ ಯವ್ವಾ. ನಾಯಿ ಒಂದ. ಆ ಅಕ್ಕೋರು ನಾಯಿ ಉಳಿಸಾಕ ಹೋಗಿ ಹಿಂಗ ಆತು. ನಾಯಿ ಇಲ್ಲೇ ಅಡ್ಡಾಡ್ತೈತಿ ನೋಡ.”

ಆತ ತೋರಿಸಿದ ಕಡೆ ನಾನು ನೋಡಲಿಲ್ಲ.

ಪರಿಹಾರದ ಅರ್ಜಿ ಬರೆದುಕೊಂಡು ಅವರ ಮನೆಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ನಡುಮನೆಯ ಮಂಚದ ಮೇಲೆ ಅತಿಥಿ ಶಿಕ್ಷಕಿ ಮಲಗಿದ್ದರು. ಮೂವತ್ತು ದಾಟಿದ ವಯಸ್ಸು. ಸಣ್ಣ ಮುಖ, ದೊಡ್ಡ ದನಿ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡಿ ರೂಢಿಯಾದ ದನಿ. ತಲೆಯ ಹತ್ತಿರ ಒಬ್ಬ ಹೆಂಗಸು ಕೂತು ಅವರ ಕೂದಲಿನ ಸಿಕ್ಕು ಬಿಡಿಸುತ್ತಿದ್ದರು. ಒಂದು ಕೈಗೆ ಪಟ್ಟಿ ಇತ್ತು, ಇನ್ನೊಂದರಿಂದ ಬಾಚುತ್ತಿದ್ದರು. ಅಕ್ಕನಿರಬೇಕು ಎಂದುಕೊಂಡೆ.

“ಇವ್ರ ನೋಡ್ರಿ ನಮ್ಮ ಗಣಿತದ ಅಕ್ಕಾರು,” ಎಂದರು ಮಲಗಿದ್ದವರು.

ನಾನು ಯಾರ ಮೇಲೆ ಅರ್ಜಿ ಹಾಕಲು ಬಂದಿದ್ದೆನೋ ಅವರು ಬಾಚಣಿಗೆ ಹಿಡಿದು ಕೂತಿದ್ದರು. ಅವರನ್ನು ಹೊರಗೆ ಹೋಗಿರಿ ಎನ್ನಬೇಕಾಗಿತ್ತು. ಹೇಳುವ ಮೊದಲೇ ಅವರು ಎದ್ದು ಅಡುಗೆಮನೆಗೆ ಹೋದರು. ಆದರೆ ಆ ಮನೆಯಲ್ಲಿ ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳದೆ ಇರುವಂತಿರಲಿಲ್ಲ.

ಅರ್ಜಿಯನ್ನು ಓದಿ ಹೇಳಿದೆ. “ಒಂದನೇ ಎದುರುದಾರರು ಕಾರನ್ನು ಅತಿವೇಗ ಹಾಗೂ ನಿಷ್ಕಾಳಜಿಯಿಂದ ಚಲಾಯಿಸಿ” ಎಂಬಲ್ಲಿಗೆ ಬಂದಾಗ ಅತಿಥಿ ಶಿಕ್ಷಕಿ ಕೈ ಎತ್ತಿದರು.

“ಆ ಶಬ್ದ ತಗೀರಿ ಮೇಡಂ.”

“ಯಾವ ಶಬ್ದ?”

“ನಿಷ್ಕಾಳಜಿ. ಅಕ್ಕಾರು ಎಷ್ಟ್ ಸಾವಕಾಶ ಹೊಡೀತಿದ್ರು ಅಂದ್ರ ಸೈಕಲ್ ಹುಡುಗ್ರು ನಮ್ಮನ್ನ ದಾಟಿ ಹೋಗಿ ನಗ್ತಿದ್ರು. ನಾನೂ ನಗ್ತಿದ್ದೆ.”

ಆ ಶಬ್ದವಿಲ್ಲದೆ ಅರ್ಜಿಯೇ ನಿಲ್ಲುವುದಿಲ್ಲ ಎಂದು ವಿವರಿಸಿದೆ. ಚಾಲಕರ ತಪ್ಪು ರುಜುವಾತಾದರೆ ಮಾತ್ರ ಪೂರ್ತಿ ಪರಿಹಾರ. ತಪ್ಪು ಯಾರದೆಂದು ಕೇಳದೆ ಕೊಡುವ ಇನ್ನೊಂದು ದಾರಿ ಕಾನೂನಿನಲ್ಲಿದೆ. ಆದರೆ ಅದರ ಮೊತ್ತ ಜೀವನಪೂರ್ತಿ ಹಾಸಿಗೆ ಹಿಡಿದವರಿಗೆ ಸಾಲುವಂಥದ್ದಲ್ಲ. ಪೊಲೀಸರು ಆಗಲೇ ಟೀಚರ್ ಮೇಲೆ ದೋಷಾರೋಪ ಪಟ್ಟಿ ಹಾಕಿದ್ದರು. ಅದರಲ್ಲೂ ಇದೇ ಶಬ್ದಗಳಿದ್ದವು.

ಅಡುಗೆಮನೆಯಿಂದ ದನಿ ಬಂತು. “ಸಹಿ ಮಾಡವಾ. ಇರಲಿ.”

ಅತಿಥಿ ಶಿಕ್ಷಕಿ ಸಹಿ ಮಾಡಿದರು. ಮಲಗಿಕೊಂಡೇ ಮಾಡಿದ್ದರಿಂದ ಅಕ್ಷರಗಳು ಮೇಲಕ್ಕೆ ಏರಿಹೋದವು. “ಹತ್ತನೇ ಕ್ಲಾಸಿನ ಹುಡುಗ್ರಿಗೆ ಹಿಂಗ ಬರದ್ರ ಬೈತಿದ್ದೆ ನಾ,” ಎಂದರು.

ಸ್ವಲ್ಪ ದಿನ ಕಳೆದ ಮೇಲೆ ಕಾರಿನ ಟೀಚರ್ ನನ್ನ ಕಚೇರಿಗೆ ಬಂದರು. ನಾನು ಬಾಗಿಲಲ್ಲೇ ತಡೆದೆ. “ನಾ ನಿಮ್ಮ ಎದುರಿನ ಪಾರ್ಟಿ ವಕೀಲರಿ. ನಿಮಗ ಬ್ಯಾರೆ ವಕೀಲರು ಬೇಕು. ನನ್ನ ಮುಂದ ಏನೂ ಹೇಳಬ್ಯಾಡ್ರಿ.”

“ನನ್ನ ಸಲುವಾಗಿ ಬಂದಿಲ್ರಿ. ಆಕಿ ಸಲುವಾಗಿ ಬಂದೇನಿ,” ಎಂದು ಒಳಗೆ ಬಂದು ಕುಳಿತರು.

ಗಟ್ಟಿಮುಟ್ಟಾದ ಹೆಂಗಸು. ನಲವತ್ತೈದರ ಸುಮಾರಿಗೆ ಕಾರು ಕಲಿತವರು. ಗಂಡನೂ ಮಗನೂ ಕಲಿಯದ ಕೆಲಸವನ್ನು ತಾನು ಕಲಿತೆನೆಂಬ ಹೆಮ್ಮೆ ಅವರಿಗೆ ಇದ್ದಿರಬೇಕು. ಅದರ ಗುರುತು ಈಗ ಉಳಿದಿರಲಿಲ್ಲ. ಪಾಲಿಸಿ ನವೀಕರಿಸುವಾಗ ಏಜೆಂಟ್ ಫೋನಿನಲ್ಲಿ ಕೇಳಿದ್ದನಂತೆ, ಫುಲ್ ಮಾಡಲೋ, ಥರ್ಡ್ ಪಾರ್ಟಿ ಸಾಕೋ ಎಂದು.

“ನಾ ವಿಚಾರ ಮಾಡೇ ಹೇಳಿದ್ನಿರಿ. ಹಳೇ ಗಾಡಿ. ನನ್ನ ಗಾಡಿ ನೆಗ್ಗಿದ್ರ ನಾ ರಿಪೇರಿ ಮಾಡಿಸ್ಕೋತೇನಿ. ನನ್ನಿಂದ ಮಂದಿಗೆ ಏನರ ಆದ್ರ ಅವ್ರಿಗೆ ಸಿಗಬೇಕಲ್ಲ, ಥರ್ಡ್ ಪಾರ್ಟಿ ಮಾಡು ಅಂದೆ. ಮಂದಿ ಸಲುವಾಗಿನ ತಗೊಂಡಿದ್ನಿರಿ ನಾ ಅದನ್ನ.”

ಅವರು ಅಳಲಿಲ್ಲ. ಲೆಕ್ಕದ ಉತ್ತರ ತಪ್ಪಾದದ್ದು ಯಾವ ಸಾಲಿನಲ್ಲಿ ಎಂದು ಹುಡುಕುವವರಂತೆ ಅದನ್ನೇ ಎರಡೆರಡು ಸಲ ಹೇಳಿದರು. ಆಮೇಲೆ ಬಂದ ಕೆಲಸಕ್ಕೆ ಬಂದರು.

“ಆಕಿ ಕಾರಿನಾಗ ಇರಲಿಲ್ಲ ಅಂತ ಮಾಡ್ರಿ.”

“ಅಂದ್ರ?” ಎಂದೆ.

“ತಿರುವಿನ್ಯಾಗ ಇಳದು ನಿಂತಿದ್ಲು. ನಾ ಗಾಡಿ ತಿರಗಸೂ ಮುಂದ ಆಕಿಗೆ ಹಾಯಿಸಿ, ಗಿಡಕ್ಕ ಒತ್ತಿದೆ. ಹಂಗ ಬರದ್ರ ಆಕಿ ಹೊರಗಿನಾಕಿ ಆಗ್ತಾಳಲ್ಲ? ಕೋರ್ಟಿನ್ಯಾಗ ನಾ ಒಪ್ಕೋತೇನಿ. ನನಗ ಸಜಾ ಆದ್ರ ಆಗಲಿ.”

ಇದು ಅವರೊಬ್ಬರ ಯೋಚನೆಯಾಗಿರಲಿಲ್ಲ. ಅತಿಥಿ ಶಿಕ್ಷಕಿಯ ಗಂಡನಿಗೆ ಯಾರೋ ಈ ದಾರಿ ಹೇಳಿದ್ದರು. ಅವರಿಬ್ಬರೂ ಕೂತು ಮಾತಾಡಿಯೂ ಆಗಿತ್ತು. ಇನ್ನೊಂದು ವಿಷಯವನ್ನೂ ನಾನು ಹೇಳಬೇಕು. ಈ ದಾರಿ ಪೂರ್ತಿ ಮುಚ್ಚಿರಲಿಲ್ಲ. ಆ ಗಡಿಬಿಡಿಯಲ್ಲಿ ಕೊಟ್ಟ ಮೊದಲ ದೂರಿನಲ್ಲಿ ‘ಕಾರು ಗಿಡಕ್ಕೆ ಬಡಿದು ಇಬ್ಬರಿಗೂ ಭಾರಿ ಗಾಯಗಳಾಗಿವೆ’ ಎಂದಿತ್ತು, ಅಷ್ಟೇ. ಯಾರು ಎಲ್ಲಿ ಕುಳಿತಿದ್ದರೆಂದು ಬರೆದಿರಲಿಲ್ಲ. ದೋಷಾರೋಪ ಪಟ್ಟಿಯೂ ಅದೇ ವಾಕ್ಯವನ್ನು ಎತ್ತಿ ಬರೆದುಕೊಂಡಿತ್ತು. ಆಸ್ಪತ್ರೆಯ ಕಾಗದದಲ್ಲಿ ‘ರಸ್ತೆ ಅಪಘಾತ’ ಎಂದಷ್ಟೇ ಇತ್ತು. ಚಹಾದಂಗಡಿಯ ಮುದುಕನನ್ನು ಯಾರೂ ಸಾಕ್ಷಿಯಾಗಿ ಕರೆದಿರಲಿಲ್ಲ. ನಾನು ಸಲ್ಲಿಸಿದ ಅರ್ಜಿಯಲ್ಲಿ ಆಕೆ ಕಾರಿನಲ್ಲಿದ್ದರೆಂದು ಬರೆದಿದ್ದೆ, ನಿಜ. ಆದರೆ ಅರ್ಜಿಗೆ ತಿದ್ದುಪಡಿ ತರಬಹುದು.

ಕಂಪನಿ ತನಿಖೆಗೆ ಮನುಷ್ಯನನ್ನು ಕಳಿಸುತ್ತದೆ, ಕಾರಿನ ಒಳಗಿನ ರಕ್ತದ ಕಲೆಯನ್ನು ಮೋಟಾರು ವಾಹನ ನಿರೀಕ್ಷಕರ ಫೋಟೋಗಳಲ್ಲಿ ತೋರಿಸುತ್ತದೆ, ಸಿಕ್ಕಿಬಿದ್ದರೆ ಅರ್ಜಿಯೇ ವಜಾ ಆಗುತ್ತದೆ, ನಿಮ್ಮ ನೌಕರಿ ಹೋಗುತ್ತದೆ ಎಂದೆಲ್ಲ ಹೇಳಿದೆ. ಸಿಕ್ಕಿಬೀಳದಿದ್ದರೆ ಎಂಬ ಮಾತು ಇಬ್ಬರ ನಡುವೆ ಹಾಗೇ ಉಳಿಯಿತು.

“ನಾ ಸುಳ್ಳ ಬರ್ಯೂದಿಲ್ರಿ. ಅವ್ರಿಗೆ ಹಂಗ ಬೇಕಂದ್ರ ಫೈಲು ವಾಪಸ್ ಕೊಡ್ತೇನಿ,” ಎಂದೆ.

“ಬ್ಯಾರೆ ವಕೀಲರು ಬರೀತಾರೇನ್ರಿ?”

“ಯಾರರ ಬರೀಬಹುದು.”

ಮರುದಿನ ಗಂಡನ ಫೋನು ಬಂತು. ಫೈಲು ಕೇಳಲು ಇರಬೇಕು ಎಂದುಕೊಂಡೆ. “ಆಕಿ ನಿಮ್ಮ ಜೋಡಿ ಮಾತಾಡಬೇಕಂತ್ರಿ, ಒಮ್ಮೆ ಬಂದು ಹೋಗ್ರಿ,” ಎಂದರು. ನಾನು ಯರಗಟ್ಟಿಗೆ ಹೋದಾಗ ಮೂವರೂ ಇದ್ದರು. ಗಂಡ ಬಾಗಿಲ ಹತ್ತಿರ ನಿಂತಿದ್ದರು. ಟೀಚರ್ ಮಂಚದ ಕಾಲಬದಿಗೆ ಕೂತಿದ್ದರು.

ಅತಿಥಿ ಶಿಕ್ಷಕಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. “ಹಂಗ ಹೇಳಬೇಕಂದ್ರ ಯಾರ ಬಾಯಿಂದ ಹೇಳಬೇಕ್ರಿ?”

“ನಿಮ್ಮ ಬಾಯಿಂದ. ಪ್ರಮಾಣ ಮಾಡಿ.”

ಅವರು ಟೀಚರ್ ಕಡೆ ತಿರುಗಿದರು. “ನಾ ರಸ್ತಾದಾಗ ನಿಂತಿದ್ದೆ ಅಂದ್ರ, ನೀವು ನನ್ನ ಮ್ಯಾಲ ಗಾಡಿ ಹಾಯಿಸಿದ್ರಿ ಅಂದಂಗ ಆತಲ್ರೀ ಅಕ್ಕಾರ. ಸಾಲ್ಯಾಗ ಹುಡುಗ್ರು ಏನಂತಾರ? ಕನ್ನಡ ಟೀಚರ್ ಮ್ಯಾಲ ಗಣಿತದ ಟೀಚರ್ ಗಾಡಿ ಹಾಯಿಸಿದ್ರು ಅಂತಾರ. ನೀವು ಹಾಯಿಸಿಲ್ಲ. ನನ್ನ ಕರ್ಕೊಂಡ ಹೊಂಟಿದ್ರಿ.”

“ಹುಡುಗ್ರು ಏನರ ಅನ್ನಲಿ ಬಿಡು. ನಿನಗ ಔಷಧಕ್ಕರ ಆಗ್ತೈತಿ,” ಎಂದರು ಟೀಚರ್.

“ಕಂಪನಿಯವ್ರು ಕೊಡದಿದ್ರ ಬಿಡ್ಲಿ, ನಾ ಹಂಗ ಹೇಳೂದಿಲ್ಲ.”

ಗಂಡ ಸಿಟ್ಟಿಗೆದ್ದರು. “ನೀ ಮಲಕೊಂಡ ಮಾತಾಡ್ತಿ. ಹಗಲೂ ರಾತ್ರಿ ನಿನ್ನ ಹೊರಳಿಸಿ ಹಾಕಾಂವ ನಾ. ಅಂಗಡಿ ಅರ್ಧ ದಿನ ತಗದಿರತೈತಿ, ಅರ್ಧ ದಿನ ಮುಚ್ಚಿರತೈತಿ. ಖರೆ ಹೇಳಿ ಏನ್ ಸಿಗ್ತೈತಿ ನಿನಗ?”

ಅತಿಥಿ ಶಿಕ್ಷಕಿ ನನ್ನ ಕಡೆ ನೋಡಿ, “ಇದ್ದದ್ದ ಇದ್ದಂಗ ನಡಸ್ರಿ ಮೇಡಂ,” ಎಂದರು.

ನಾನು ಸುಳ್ಳು ಬರೆಯಲಾರೆ ಎಂದಾಗ ನನಗೆ ಕಳೆದುಕೊಳ್ಳಲು ಹೆಚ್ಚೆಂದರೆ ಒಂದು ಫೈಲು ಇತ್ತು. ಆಕೆ ಬೇಡವೆಂದಾಗ ಆಕೆಯ ಮುಂದಿನ ವರ್ಷಗಳೆಲ್ಲ ಆ ಮಾತಿಗೆ ಅಂಟಿಕೊಂಡಿದ್ದವು. ಎರಡೂ ಒಂದೇ ನಿರ್ಧಾರವಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಕೆಯನ್ನು ಸವದತ್ತಿಗೆ ಕರೆತರುವುದು ಆಗದ ಮಾತಾಗಿತ್ತು. ಮನೆಯಲ್ಲೇ ಸಾಕ್ಷ್ಯ ಬರೆದುಕೊಳ್ಳಲು ಕೋರ್ಟ್ ಕಮಿಷನರ್ ಒಬ್ಬರನ್ನು ನೇಮಿಸಬೇಕೆಂದು ಕೋರಿದೆ, ನ್ಯಾಯಾಧೀಶರು ಒಪ್ಪಿದರು. ಆ ದಿನ ಮಂಚದ ಸುತ್ತ ನಾಲ್ಕು ಕುರ್ಚಿ ಹಾಕಿದ್ದರು. ಎರಡು ಪಕ್ಕದ ಮನೆಯವು. ಕಮಿಷನರ್, ನಾನು, ವಿಮಾ ಕಂಪನಿಯ ವಕೀಲರು, ಮತ್ತು ಎದುರುದಾರಳೆಂಬ ಹಕ್ಕಿನಿಂದ ಕಾರಿನ ಟೀಚರ್. ಟೀಚರ್ ಕುರ್ಚಿಯಲ್ಲಿ ಕೂರದೆ ದಿಂಬಿನ ಹತ್ತಿರ ನಿಂತರು.

ವಿಮಾ ಕಂಪನಿಯ ವಕೀಲರು ಬೈಲಹೊಂಗಲದವರು, ವಯಸ್ಸಾದವರು. ಕೆಟ್ಟ ಮನುಷ್ಯರಲ್ಲ. ಲೋಕ ಅದಾಲತ್ತಿನಲ್ಲಿ ಒಂದಿಷ್ಟಕ್ಕಾದರೂ ರಾಜಿ ಮಾಡಿಸಿರಿ ಎಂದು ನಾನು ಅವರ ಬೆನ್ನು ಹತ್ತಿದ್ದೆ. “ಪಾಲಿಸ್ಯಾಗ ಸಂದು ಇದ್ರ ನಾನ ಕಂಪನಿ ಸಾಹೇಬ್ರಿಗೆ ಬರೀತಿದ್ದೆ. ಸಂದ ಇಲ್ಲಲ್ಲ ತಂಗಿ. ಇದು ಹೊಣೆ ಕಡಿಮಿ ಇದ್ದ ಕೇಸಲ್ಲ, ಹೊಣೆನ ಇಲ್ಲದ ಕೇಸು,” ಎಂದಿದ್ದರು.

ಪಾಟೀಸವಾಲಿನಲ್ಲಿ ಅವರು ಮೊದಲು ಕೇಳಿದ್ದು, “ಕಾರಿನ್ಯಾಗ ಹೋಗಾಕ ಬಾಡಿಗಿ ಕೊಡ್ತಿದ್ರೇನು?”

“ಇಲ್ರಿ. ಅಕ್ಕಾರು ತಗೋತಿರಲಿಲ್ಲ. ರೊಟ್ಟಿ ಪಲ್ಯೆ ಕಟಗೊಂಡು ಹೋಗ್ತಿದ್ದೆ, ಇಬ್ಬರೂ ಕೂಡಿ ಉಣ್ತಿದ್ವಿ.”

ಕಮಿಷನರ್ ಅದನ್ನು ಬರೆಯಬೇಕೋ ಬೇಡವೋ ಎಂದು ನೋಡಿ, ಬರೆದುಕೊಂಡರು.

“ಅಪಘಾತ ಆದಾಗ ನೀವು ಎಲ್ಲಿದ್ರಿ?”

ಬಾಗಿಲಲ್ಲಿದ್ದ ಗಂಡ ಹೊರಗೆ ಹೋಗಿಬಿಟ್ಟರು.

“ಕಾರಿನಾಗ. ಅಕ್ಕಾರ ಬಾಜೂಕ.”

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಅವರ ಕೆಲಸ ಅಷ್ಟಕ್ಕೇ ಮುಗಿದಿತ್ತು. ಟೀಚರ್ ಆಕೆಯ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದರು.

ವಾದಕ್ಕೆ ನಿಂತಾಗ ನನ್ನ ಕೈಯಲ್ಲಿ ಒಂದೇ ಒಂದು ಕೋರಿಕೆ ಉಳಿದಿತ್ತು. ಮೊದಲು ಕಂಪನಿ ಕೊಡಲಿ, ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬುದು. ಚಾಲಕನಿಗೆ ಪರವಾನಗಿ ಇಲ್ಲದಿದ್ದಾಗ, ಅವಧಿ ಮುಗಿದಿದ್ದಾಗ ನ್ಯಾಯಾಲಯಗಳು ಹೀಗೆ ಆದೇಶ ಮಾಡುವುದುಂಟು. ಆದರೆ ಅಲ್ಲಿ ವಿಮೆಯ ರಕ್ಷಣೆ ಇರುತ್ತದೆ, ಷರತ್ತು ಮಾತ್ರ ಮುರಿದಿರುತ್ತದೆ. ಇಲ್ಲಿ ಷರತ್ತೆಲ್ಲ ಪಾಲನೆಯಾಗಿತ್ತು, ರಕ್ಷಣೆಯೇ ಇರಲಿಲ್ಲ. ಇದನ್ನು ಗಂಡನಿಗೆ ಹೇಳಿದಾಗ ಅವರು ಕೋರ್ಟಿನ ಕಟ್ಟೆಯ ಮೇಲೆ ಕೂತೇ ನಕ್ಕರು. ಅಂಥ ನಗುವನ್ನು ನಾನು ಮತ್ತೆ ಕೇಳಿಲ್ಲ.

“ಲೈಸನ್ಸ್ ಇಲ್ದಾಂವ ಮಂದಿಗೆ ಬಡದ್ರ ಕೊಡಸ್ತಾರ. ಎಲ್ಲಾ ಬರೋಬ್ಬರಿ ಇದ್ದಾಕಿ ಬಾಜೂ ಕುಂತಾಕಿಗೆ ಇಲ್ಲ. ಬಾಗಲದ ಹೊರಗ ಇದ್ರ ಮನಿಶ್ಯಾ, ಒಳಗ ಇದ್ರ ಸಾಮಾನು. ಹೌದಲ್ರಿ?”

ತೀರ್ಪು ಬಂತು. ಎಷ್ಟು ಒಳ್ಳೆಯ ತೀರ್ಪೆಂದರೆ, ನನ್ನ ಕೋರಿಕೆಗಳನ್ನೆಲ್ಲ ನ್ಯಾಯಾಧೀಶರು ಒಂದೊಂದಾಗಿ ಪರಿಶೀಲಿಸಿದ್ದರು. ಆಕೆಯ ಕಳೆದುಹೋದ ದುಡಿಮೆ, ನೋಡಿಕೊಳ್ಳುವವರ ಖರ್ಚು, ಮುಂದಿನ ಚಿಕಿತ್ಸೆ, ನೋವು, ಎಲ್ಲಕ್ಕೂ ಪರಿಹಾರ ಕಟ್ಟಿದ್ದರು. ಕೊನೆಯಲ್ಲಿ ಎರಡು ಸಾಲು. ಎರಡನೇ ಎದುರುದಾರರಾದ ವಿಮಾ ಕಂಪನಿಯ ಮೇಲಿನ ಅರ್ಜಿ ವಜಾ. ಇಡೀ ಮೊತ್ತವನ್ನು ಬಡ್ಡಿ ಸಮೇತ ಒಂದನೇ ಎದುರುದಾರರೇ ಕೊಡತಕ್ಕದ್ದು.

ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೆಲಸ ಮಾಡುವ ಹಿರಿಯರೊಬ್ಬರಿಗೆ ಪ್ರತಿ ಕಳಿಸಿದೆ. ಮೇಲ್ಮನವಿ ಹಾಕಿದರೆ ವರ್ಷಗಳು ಹೋಗುತ್ತವೆ, ಉತ್ತರ ಇದೇ ಬರುತ್ತದೆ ಎಂದರು. ಅತಿಥಿ ಶಿಕ್ಷಕಿಯ ಬ್ಯಾಂಕ್ ಖಾತೆಯ ಜೊತೆಗಿದ್ದ ಸಣ್ಣ ಸರ್ಕಾರಿ ಅಪಘಾತ ವಿಮೆಯೊಂದು ಓಡಾಡಿದ ಮೇಲೆ ಸಿಕ್ಕಿತು. ಅದು ಬರುವ ಮೊದಲೇ ಅಷ್ಟು ಹಣ ಆಸ್ಪತ್ರೆಯ ಖರ್ಚಿಗೆ ಹೋಗಿಯಾಗಿತ್ತು.

ಆ ನಡುವೆ ನಾನು ಒಂದು ಕೆಲಸ ಮಾಡಲು ನೋಡಿದೆ. ಹುಣ್ಣಿಮೆಯ ಹಿಂದುಮುಂದು ಯಲ್ಲಮ್ಮನ ಗುಡ್ಡಕ್ಕೆ ಸ್ವಂತ ಕಾರು ಹೊಡೆದುಕೊಂಡು ಬರುವವರು ಸವದತ್ತಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಾರೆ. ಒಂದೊಂದರಲ್ಲಿ ಹೆಣ್ಣುಮಕ್ಕಳು, ಮಕ್ಕಳು, ಪಕ್ಕದ ಮನೆಯವರು ತುಂಬಿರುತ್ತಾರೆ. ಗಾಡಿ ನಿಲ್ಲಿಸಿದ ಕೆಲವರನ್ನು ಕೇಳಿದೆ, ನಿಮ್ಮ ಪಾಲಿಸಿ ಯಾವುದು ಎಂದು. ಎಲ್ಲರೂ “ಐತ್ರಿ” ಎಂದರು. ಯಾವುದು ಎಂದು ಗೊತ್ತಿದ್ದವರು ಕಡಿಮೆ. ಪೊಲೀಸರ ಕಡೆಯವಳೆಂದು ತಿಳಿದು ಒಬ್ಬ ಮುನ್ನೂರು ರೂಪಾಯಿ ಕೊಡುತ್ತೇನೆಂದು ಮಾತಾಡಿದ. ಇನ್ನೊಬ್ಬ, “ಹೊಂಟಾಗ ಇಂಥಾ ಅಪಶಕುನ ಯಾಕ್ರಿ ಮೇಡಂ?” ಎಂದು ಗಾಜು ಏರಿಸಿದ. ಹಿಂದಿನ ಸೀಟಿನ ಅಜ್ಜಿ ನನ್ನ ಹಣೆಗೆ ಭಂಡಾರದ ಅರಿಶಿನ ಹಚ್ಚಲು ಕೈ ಚಾಚಿದ್ದಳು, ಗಾಜು ಏರಿದ್ದಕ್ಕೆ ಕೈ ಹಿಂದೆ ತೆಗೆದುಕೊಂಡಳು. ನಾನು ಮತ್ತೆ ಕೇಳಲು ಹೋಗಲಿಲ್ಲ.

ತೀರ್ಪಾದರೂ ಹಣ ತಾನಾಗಿ ಬರುವುದಿಲ್ಲ. ಅದನ್ನು ವಸೂಲಿ ಮಾಡಲು ಅಮಲ್ಜಾರಿ ಅರ್ಜಿ ಹಾಕಬೇಕು. ಟೀಚರ್ ಹೆಸರಿನಲ್ಲಿ ಹೊಲ ಮನೆ ಏನೂ ಇರಲಿಲ್ಲ. ಜಖಂ ಆದ ಕಾರು ಗುಜರಿಗೆ ಹೋಗಿತ್ತು. ಇದ್ದದ್ದು ಸಂಬಳ ಮಾತ್ರ. ಅಂದರೆ ಸಂಬಳ ಜಪ್ತಿ. ಕಾನೂನು ಬಿಟ್ಟಷ್ಟನ್ನು ಬಿಟ್ಟು ಉಳಿದ ಭಾಗವನ್ನು ತಿಂಗಳು ತಿಂಗಳು ಹಿಡಿದು ಕೋರ್ಟಿಗೆ ಕಟ್ಟಬೇಕೆಂದು ಶಾಲೆಯ ಮುಖ್ಯಾಧ್ಯಾಪಕರಿಗೆ ಆದೇಶ ಹೋಗುತ್ತದೆ. ಆ ಶಾಲೆಯ ಎಲ್ಲರಿಗೂ ಗೊತ್ತಾಗುತ್ತದೆ.

ಅತಿಥಿ ಶಿಕ್ಷಕಿ ಬಹಳ ದಿನ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಗಂಡ ಎರಡು ಸಲ ಬಂದು ಸುಮ್ಮನೆ ಕುಳಿತು ಎದ್ದುಹೋದರು. ಮೂರನೆಯ ಸಲ ಬಂದಾಗ ಅಂಗಡಿ ಬಿಟ್ಟುಕೊಟ್ಟಿದ್ದರು. ಮನೆಯಲ್ಲೇ ಸಣ್ಣ ಮೋಟರುಗಳನ್ನು ಸುತ್ತುತ್ತೇನೆ ಎಂದರು. ಆ ವಾರ ಅರ್ಜಿಯ ಮೇಲೆ ಆಕೆಯ ಸಹಿ ಬಂತು.

ನೋಟೀಸು ಹೋದ ಮೇಲೆ ಕಾರಿನ ಟೀಚರ್ ಕೋರ್ಟಿಗೆ ಬಂದರು. ವಕೀಲರನ್ನು ಇಟ್ಟಿರಲಿಲ್ಲ. ತಕರಾರು ಇದೆಯೇ ಎಂದು ನ್ಯಾಯಾಧೀಶರು ಕೇಳಿದರು.

“ಏನೂ ಇಲ್ರಿ. ಹಿಡಕೋರಿ.”

ಹೊರಗೆ ಜಗಲಿಯಲ್ಲಿ ನನ್ನನ್ನು ಕಂಡು ನಿಂತರು. “ಇನ್ನ ನಾ ಆಕಿ ಮನಿಗೆ ಹೋಗೂದು ಹೆಂಗರೀ ಮೇಡಂ?” ಎಂದರು. “ರೊಕ್ಕ ಕೊಡೂ ಮಂದಿ ಹೋಗಿ ಕುಂತ್ರ, ಆಕಿಗೆ ನನ್ನ ಮುಂದ ನೋವು ಅನ್ನಾಕೂ ಬರೂದಿಲ್ಲ. ಬ್ಯಾನಿ ಅಂದ್ರ ರೊಕ್ಕ ಕೇಳಿದಂಗ ಆಗ್ತೈತಿ.”

ಹೋಗಿ ಬರುತ್ತಿರಿ ಎಂದೆ. ಅವರು ತಲೆಯಾಡಿಸಿದರು. ಹೋಗಲಿಲ್ಲವೆಂದು ಆಮೇಲೆ ತಿಳಿಯಿತು. ಅವರ ಮನೆಯವರು ಬಿಡಲಿಲ್ಲವೋ, ತಾವೇ ಬಿಟ್ಟರೋ ನನಗೆ ಗೊತ್ತಿಲ್ಲ. ಶಾಲೆಗೆ ಈಗ ಅವರು ಬಸ್ಸಿನಲ್ಲಿ ಹೋಗುತ್ತಾರೆ.

ಮೊದಲ ತಿಂಗಳ ಹಣ ಕೋರ್ಟಿಗೆ ಜಮೆಯಾಗಿ, ಅಲ್ಲಿಂದ ಆಕೆಯ ಖಾತೆಗೆ ಹೋಯಿತು. ಅದರ ಮಾರನೇ ದಿನ ಮಧ್ಯಾಹ್ನ ಅತಿಥಿ ಶಿಕ್ಷಕಿಯೇ ಫೋನ್ ಮಾಡಿದರು. ಆ ದೊಡ್ಡ ದನಿ ಇಳಿದಿತ್ತು. ಗಂಡ ಪಕ್ಕದಲ್ಲಿಲ್ಲದಾಗ ಮಾಡಿದ್ದರು ಅನ್ನಿಸಿತು.

“ಮೇಡಂ, ಇದನ್ನ ನಿಲ್ಲಸಾಕ ಬರ್ತೈತೇನ್ರಿ?”

“ಬರತದ. ನೀವು ಬ್ಯಾಡ ಅಂತ ಒಂದು ಅರ್ಜಿ ಕೊಟ್ರ ಆತು. ಬರಕೊಂಡು ಬರ್ಲೇನು?”

ಆ ಕಡೆ ಓಣಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋಗುವುದು ಕೇಳಿಸಿತು. ಅವನ ದನಿ ದೂರವಾಗುವವರೆಗೂ ನಾನು ಕಾದೆ.

“ನಿಲ್ಲಸೂದು ಬ್ಯಾಡ ಬಿಡ್ರಿ,” ಎಂದರು. “ಮಲಗಿ ಮಲಗಿ ಬೆನ್ನಿಗಾದ ಹುಣ್ಣು ಮತ್ತ ಬಾಯಿ ತಗದೈತಿ.”